ಕೊಳದ ಮೀನಿಗೆ ಬರುವ ಬೇನೆ

ಸಂಜೆ ರೇಡಿಯೋ ಹಚ್ಚಿದಾಗ ಪೇಟೆಯ ಮನೆಗಳಲ್ಲಿ ವಾರ್ತೆಗೂ ಸಂಗೀತಕ್ಕೂ ಸಿಗುವ ಕಿವಿ ಕೃಷಿಯ ಕಾರ್ಯಕ್ರಮಕ್ಕೆ ಸಿಗುವುದು ಅಪರೂಪ. ಅದು ಹೊಲಮನೆಯವರ ಮಾತು, ನಮಗೇಕೆ ಎಂದು ಅಡುಗೆಮನೆಯ ಕಡೆಗೋ ಪತ್ರಿಕೆಯ ಕಡೆಗೋ ಹೊರಳುತ್ತೇವೆ. ಕನ್ನಡ ಪಾಠ ಹೇಳಿಕೊಂಡು ಆಯುಷ್ಯದ ಬಹುಭಾಗ ಕಳೆದ ನಾನೂ ಹಾಗೆಯೇ ಇದ್ದವನು. ಮಳೆಗಾಲದ ಒಂದು ಮುಂಜಾನೆ ನಡೆದ ಸಂಗತಿ ನನ್ನ ಈ ಔದಾಸೀನ್ಯವನ್ನು ಕಳೆಯಿತು. ಆ ನಿಮಿತ್ತವಾಗಿ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಹೊಲದಲ್ಲಿ ಒಂದು ತಗ್ಗಿನ ಎಕರೆ. ಕಾಲುವೆಯ ನೀರು ಜಿನುಗಿ ಸವಳೇರಿ, ಅಲ್ಲಿ ಭತ್ತ ಸರಿಯಾಗಿ ಬರುತ್ತಿರಲಿಲ್ಲ. ಸಾಲ ಮಾಡಿ ಅಲ್ಲಿ ಕೊಳ ತೋಡಿಸಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದ. ದೀಪಾವಳಿಯ ಹೊತ್ತಿಗೆ ಮೀನು ಹಿಡಿದು ಸಾಲ ತೀರಿಸುವುದು ಅವನ ಎಣಿಕೆ. ಮನೆಯ ಮದುವೆಗೆಂದು ಹೋಗಿ ಅಲ್ಲಿಯೇ ಉಳಿದಿದ್ದೆ. ನಸುಕಿನಲ್ಲಿ ಬಂದು ಎಬ್ಬಿಸಿದ.

“ಗುರುಗಳೇ, ಒಂಚೂರು ಹೊರಗ ಬರ್ರಿ. ಮೀನು ದಂಡಿಗೆ ಬಂದು ಬಿದ್ದಾವ.”

ಹೋಗಿ ನೋಡಿದೆ. ಹತ್ತಿಪ್ಪತ್ತು ಮೀನು ಸತ್ತು ತೇಲುತ್ತಿದ್ದವು. ಇನ್ನು ಕೆಲವು ನೀರಿನ ಮೇಲೆ ಬಾಯಿ ಬಿಡುತ್ತ, ಓಡಿಸಿದರೂ ಓಡದೆ ದಂಡೆಗೆ ಒರಗಿದ್ದವು. ಮೈಮೇಲೆ ಕೆಂಪು ಕಲೆ, ಕೆಲವಕ್ಕೆ ಹುಣ್ಣು. ಒಂದೆರಡರ ಹೊಟ್ಟೆ ಉಬ್ಬಿ ಹುರುಪೆಗಳು ಸೆಟೆದು ನಿಂತಿದ್ದವು.

“ಪ್ಯಾಟ್ಯಾಗ ಔಷಧ ಕೊಡ್ತಾರ್ರಿ. ತಂದು ಮೇವಿನಾಗ ಕಲಸಿ ಹಾಕಿಬಿಡ್ಲೇನ್ರಿ?” ಎಂದು ಕೇಳಿದ. ಸಂಧಿ ಸಮಾಸ ಬಿಡಿಸುವ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ರಾಯಚೂರಿನಲ್ಲಿ ಮೀನುಗಾರಿಕೆಯ ಶಾಸ್ತ್ರ ಓದಿದ ಪರಿಚಿತರೊಬ್ಬರಿಗೆ ಫೋನು ಮಾಡಿದೆ. ಅವರು ನಾಲ್ಕು ಮಾತು ಹೇಳಿದರು: ಮೊದಲು ಕೊಳಕ್ಕೆ ಹೊಸ ನೀರು ಬಿಡಿಸಿರಿ, ಮೇವು ನಿಲ್ಲಿಸಿರಿ, ಸಾಯುತ್ತಿರುವ, ಆದರೆ ಇನ್ನೂ ಸಾಯದ ನಾಲ್ಕು ಮೀನು ಹಿಡಿದಿಡಿರಿ, ಪರೀಕ್ಷೆಯಾಗುವವರೆಗೆ ಔಷಧ ಹಾಕಬೇಡಿರಿ. ಬೇನೆ ಬಿದ್ದಲ್ಲಿ ಔಷಧವೇ ಬೇಡವೆನ್ನುವ ವೈದ್ಯವೆಂಥದು ಎಂದು ಆಗ ನನಗೆ ಆಶ್ಚರ್ಯವಾಯಿತು. ಈ ನಾಲ್ಕು ಮಾತಿನ ಅರ್ಥ ತಿಳಿದರೆ ಮೀನಿನ ಬೇನೆಯನ್ನು ಶಾಸ್ತ್ರಜ್ಞರು ಹೇಗೆ ಅಭ್ಯಾಸ ಮಾಡುತ್ತಾರೆಂಬುದೂ ತಿಳಿದಂತೆಯೇ.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಈ ನೆಲವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ; ಎರಡು ತೊರೆಗಳ ಎಡೆಯಲ್ಲಿರುವ ನಾಡೆಂದು ಅದರ ಅರ್ಥ. ಇಲ್ಲಿಯವರಿಗೆ ಮೀನು ಹೊಸದಲ್ಲ. ಮೀನಿಗೆ ಮೇವು ಹಾಕುವ ವಿದ್ಯೆಯೂ ಈ ಕಡೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಮೀನುಗಳ ಬಗೆಗಳನ್ನೂ ಅವಕ್ಕೆ ಹಾಕತಕ್ಕ ಆಹಾರವನ್ನೂ ಹೇಳಿದೆ. ಆದರೆ ಅದು ಅರಸರ ವಿನೋದ. ಹೊಲದ ಬೆಳೆಯಂತೆ ಮೀನನ್ನು ಕೊಳದಲ್ಲಿ ಬೆಳೆಯುವುದು ನಮ್ಮ ಕಾಲದ ಮಾತು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯು ಸಿಂಧನೂರು ಮಾನ್ವಿಗಳನ್ನು ಭತ್ತದ ಸೀಮೆಯನ್ನಾಗಿ ಮಾಡಿತು. ನಾರಾಯಣಪುರದ ಬಸವಸಾಗರ ಅಣೆಕಟ್ಟು ೧೯೮೨ರಲ್ಲಿ ಮುಗಿದು, ಮುಂದೆ ಅದರ ಬಲದಂಡೆಯ ಕಾಲುವೆಯು ದೇವದುರ್ಗದ ಕಡೆಗೆ ಕೃಷ್ಣೆಯ ನೀರನ್ನು ತಂದಿತು. ನೀರು ಬಂದಲ್ಲಿ ಭತ್ತ, ಭತ್ತ ಬಾರದ ತಗ್ಗಿನಲ್ಲಿ ಮೀನು ಎಂಬಂತಾಯಿತು.

ಇದಕ್ಕೆ ಇನ್ನೊಂದು ಕಾರಣವೂ ಕೂಡಿಬಂದಿತು. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ಹರಿಯುವ ಹೊಳೆಯಲ್ಲಲ್ಲದೆ ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ೧೯೫೭ರ ಜುಲೈ ೧೦ರಂದು ಒಡಿಶಾದ ಕಟಕದಲ್ಲಿ ಹೀರಾಲಾಲ್ ಚೌಧುರಿಯವರೂ ಅವರ ಸಂಗಡಿಗರೂ ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇವುಗಳಿಂದ ಮೊಟ್ಟೆಯಿಡಿಸಿದರು. ಅಂದಿನಿಂದ ಮರಿಗಳಿಗಾಗಿ ಹೊಳೆಯ ದಾರಿ ಕಾಯುವುದು ತಪ್ಪಿತು. ಜುಲೈ ೧೦ನ್ನು ಈಗ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಹೊಳೆಯ ಮೀನಿಗೂ ಕೊಳದ ಮೀನಿಗೂ ಒಂದು ದೊಡ್ಡ ಅಂತರವಿದೆ. ಹೊಳೆಯಲ್ಲಿ ಬೇನೆ ಬಿದ್ದ ಮೀನು ಹಿಂದೆ ಬೀಳುತ್ತದೆ, ಕೊಕ್ಕರೆಯ ಪಾಲಾಗುತ್ತದೆ. ಉಳಿದವು ಮುಂದೆ ಸಾಗುತ್ತವೆ. ಕೊಳದಲ್ಲಿ ಒಂದೇ ವಯಸ್ಸಿನ ಸಾವಿರಾರು ಮೀನು ಒಂದೇ ನೀರನ್ನು ಉಸಿರಾಡುತ್ತ, ಅದರಲ್ಲಿಯೇ ಮಲ ವಿಸರ್ಜಿಸುತ್ತ ಬಾಳಬೇಕು. ಜಾತ್ರೆಯ ಊರಿನಲ್ಲಿ ಬೇನೆ ಹಬ್ಬುವಂತೆ ಅಲ್ಲಿ ಹಬ್ಬುತ್ತದೆ. ಇದು ನಮ್ಮ ದೇಶದ ಗತಿ ಮಾತ್ರವಲ್ಲ. ಮೀನು ಸಾಕಿದವರೆಲ್ಲ ಅನುಭವಿಸಿದ್ದು.

ಈ ಮಾತಿಗೆ ನಾರ್ವೆ ದೇಶದ ಸಾಲ್ಮನ್ ಮೀನು ಒಳ್ಳೆಯ ನಿದರ್ಶನ. ಸಾಲ್ಮನ್ ತಂಪು ಸೀಮೆಯ ಮೀನು. ಹೊಳೆಯಲ್ಲಿ ಹುಟ್ಟಿ ಸಮುದ್ರದಲ್ಲಿ ಬೆಳೆಯುವ ಇದನ್ನು ಅಲ್ಲಿಯವರು ಕಡಲ ಹಿನ್ನೀರಿನಲ್ಲಿ ಬಲೆಯ ಪಂಜರ ಕಟ್ಟಿ ಸಾಕುತ್ತಾರೆ. ಇದಕ್ಕೆ ಬರುವ ಹುಣ್ಣಿನ ರೋಗಕ್ಕೆ ಫುರುಂಕ್ಯುಲೋಸಿಸ್ ಎಂದು ಹೆಸರು; ಮೈಯಲ್ಲಿ ಕುರುವಿನಂಥ ಬಾವು ಏಳುವುದರಿಂದ ಆ ಹೆಸರು. ೧೮೯೪ರಲ್ಲಿ ಜರ್ಮನಿಯ ಟ್ರೌಟ್ ಮೀನುಮರಿಯ ಕೇಂದ್ರವೊಂದರಲ್ಲಿ ಎಮರಿಕ್ ಮತ್ತು ವೈಬೆಲ್ ಎಂಬಿಬ್ಬರು ಇದರ ಸೂಕ್ಷ್ಮಾಣುವನ್ನು ಗುರುತಿಸಿದರು. ಅದಕ್ಕೆ ಈಗ ಏರೋಮೊನಾಸ್ ಸಾಲ್ಮೊನಿಸಿಡ ಎಂದು ನಾಮಧೇಯ. ಸಾಲ್ಮೊನಿಸಿಡ ಎಂದರೆ ಸಾಲ್ಮನ್ನನ್ನು ಕೊಲ್ಲುವುದು ಎಂದರ್ಥ.

ನಮ್ಮ ಮಾನ್ವಿಯ ಕೊಳದ ಕೆಂಪು ಕಲೆಗೆ ಬಹುಮಟ್ಟಿಗೆ ಕಾರಣವಾಗುವುದು ಇದೇ ಕುಲದ ಇನ್ನೊಂದು ಕುಡಿ, ಏರೋಮೊನಾಸ್ ಹೈಡ್ರೋಫಿಲ. ಹೈಡ್ರೋಫಿಲ ಎಂಬುದು ಗ್ರೀಕ್ ಮೂಲದ ಮಾತು. ನೀರನ್ನು ಪ್ರೀತಿಸುವುದು, ಜಲಪ್ರಿಯ ಎಂದು ನಾವು ಹೇಳಬಹುದು. ಕುಲವೊಂದೇ ಆದರೂ ಗುಣ ಬೇರೆ. ಅಣ್ಣನು ಚಳಿಯವನು, ನಮ್ಮ ಮೈಯ ಶಾಖದಲ್ಲಿ ಬೆಳೆಯಲಾರ. ತಮ್ಮನಿಗೆ ಸೆಕೆಯೇ ಇಷ್ಟ. ಅವನಿಗೆ ಈಜಲು ಬಾಲದಂಥ ಒಂದು ಎಳೆಯೂ ಉಂಟು. ಎರಡೂ ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟು ಉದ್ದದ ಕಡ್ಡಿಗಳು.

ಈಗ ನಮ್ಮ ಪರಿಚಿತರ ನಾಲ್ಕು ಮಾತುಗಳಿಗೆ ಬರೋಣ. ಸಾಯುತ್ತಿರುವ, ಆದರೆ ಸಾಯದ ಮೀನೇ ಏಕೆ? ಸತ್ತ ಮೀನಿನ ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ಹರಡಿಬಿಡುತ್ತವೆ. ರಾಯಚೂರಿನ ಸೆಕೆಯಲ್ಲಂತೂ ಕೇಳುವುದೇ ಬೇಡ. ಆ ಮೇಲೆ ಕೊಂದವನಾರು, ಹೆಣಕ್ಕೆ ಮುತ್ತಿದವನಾರು ಎಂದು ಬೇರ್ಪಡಿಸಲಾಗದು. ಆದುದರಿಂದ ಉಸಿರಿರುವ ಮೀನನ್ನು ಆಮ್ಲಜನಕ ತುಂಬಿದ ನೀರಿನ ಚೀಲದಲ್ಲಿ ಪ್ರಯೋಗಶಾಲೆಗೆ ಒಯ್ಯಬೇಕು. ಅದಾಗದಿದ್ದರೆ ಆಗತಾನೆ ಸತ್ತದ್ದನ್ನು ಮಂಜುಗಡ್ಡೆಯ ನಡುವೆ ಇಟ್ಟು ಬೇಗನೆ ಮುಟ್ಟಿಸಬೇಕು.

ಅಲ್ಲಿ ಮೀನಿನ ಮೈಯನ್ನು ಸ್ಪಿರಿಟ್ಟಿನಿಂದ ಒರಸಿ, ಬೆಂಕಿಯಲ್ಲಿ ಕಾಯಿಸಿದ ಚಾಕುವಿನಿಂದ ಬಗೆದು, ಮೂತ್ರಪಿಂಡವನ್ನು ತಂತಿಯ ತುದಿಯಿಂದ ಮುಟ್ಟುತ್ತಾರೆ. ಆರೋಗ್ಯವಂತ ಮೀನಿನ ಮೂತ್ರಪಿಂಡದಲ್ಲಿ ಸೂಕ್ಷ್ಮಾಣು ಇರತಕ್ಕದ್ದಲ್ಲ. ಅಲ್ಲಿ ಸಿಕ್ಕಿತೆಂದರೆ ರೋಗವು ರಕ್ತಕ್ಕೆ ಇಳಿದಿದೆ ಎಂದರ್ಥ. ಆ ತಂತಿಯನ್ನು ಅಗರ್ ಎಂಬ ಲೋಳೆಯ ಬಿಲ್ಲೆಯ ಮೇಲೆ ಗೀರಿ ೩೦ ಡಿಗ್ರಿಯ ಸುಮಾರಿಗೆ ಒಂದು ದಿನ ಇಡುತ್ತಾರೆ.

ಈ ಅಗರ್ ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ಪುಡ್ಡಿಂಗಿಗೆ ಹಾಕುವ ಚೈನಾಗ್ರಾಸ್ ಇದೇ. ಪ್ರಯೋಗಶಾಲೆಗೆ ಇದು ಬಂದದ್ದೂ ಅಡುಗೆಮನೆಯಿಂದಲೇ. ೧೮೮೧ರ ಸುಮಾರಿಗೆ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಶಾಲೆಯಲ್ಲಿ ಸೂಕ್ಷ್ಮಾಣು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ತಾನು ಹಣ್ಣಿನ ಜೆಲ್ಲಿಗೆ ಹಾಕುವ ಅಗರ್ ಸೆಕೆಗೆ ಕರಗದೆಂದು ಸೂಚಿಸಿದರು. ಲೋಕದ ಪ್ರಯೋಗಶಾಲೆಗಳೆಲ್ಲ ಇಂದಿಗೂ ಆ ಗೃಹಿಣಿಯ ಮಾತಿನಂತೆ ನಡೆಯುತ್ತಿವೆ.

ಅಗರಿನ ಮೇಲೆ ಬೆಳೆದ ಚುಕ್ಕೆಗಳಲ್ಲಿ ಒಂದನ್ನು ಬೇರ್ಪಡಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಸಕ್ಕರೆಯನ್ನು ಹುಳಿಸುತ್ತದೆ ಮುಂತಾದ ಪರೀಕ್ಷೆಗಳಿಂದ ಅದರ ಜಾತಿಯನ್ನು ನಿರ್ಧರಿಸುತ್ತಾರೆ. ಅದೇ ಸೂಕ್ಷ್ಮಾಣು ರೋಗಕ್ಕೆ ಕಾರಣವೆಂದು ಸಿದ್ಧಪಡಿಸಬೇಕಾದರೆ ಕಾಕ್ ಅವರು ಹಾಕಿಕೊಟ್ಟ ಕಟ್ಟಳೆಯಂತೆ ಅದನ್ನು ಆರೋಗ್ಯವಂತ ಮೀನಿಗೆ ಚುಚ್ಚಿ, ಅದೇ ಬೇನೆ ಬಂದುದನ್ನು ಕಂಡು, ಆ ಮೀನಿನಿಂದ ಅದೇ ಸೂಕ್ಷ್ಮಾಣುವನ್ನು ಮತ್ತೆ ಪಡೆಯಬೇಕು. ನೆರೆಯ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೀನು ತೋಟಗಳಲ್ಲಿ ಗೆಂಡೆಗಳಿಗೆ ಬಂದ ಬೇನೆಯಲ್ಲಿ ಏರೋಮೊನಾಸ್ ಹೈಡ್ರೋಫಿಲದ ರಕ್ತನಂಜನ್ನು ಗುರುತಿಸಿ ೧೯೮೯ರಲ್ಲಿ ವರದಿ ಪ್ರಕಟಿಸಿದವರು ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು. ೧೯೬೯ರಲ್ಲಿ ಪ್ರಾರಂಭವಾದ ಆ ಕಾಲೇಜು ಈಗ ಬೀದರಿನ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ.

ಇಷ್ಟಾದ ಮೇಲೂ ಒಂದು ಒಗಟು ಉಳಿಯುತ್ತದೆ. ಹೈಡ್ರೋಫಿಲವು ಹೆಸರೇ ಹೇಳುವಂತೆ ಜಲಪ್ರಿಯ. ಅದು ಆರೋಗ್ಯವಾದ ಕೊಳದಲ್ಲಿಯೂ ಇದೆ, ಕಾಲುವೆಯಲ್ಲಿಯೂ ಇದೆ, ಮೀನಿನ ಕರುಳಿನಲ್ಲಿಯೂ ಸುಮ್ಮನೆ ಇರುತ್ತದೆ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಹಾಗಾದರೆ ಮೀನು ಇಂದೇ ಏಕೆ ಸತ್ತವು? ಸೂಕ್ಷ್ಮಾಣುವನ್ನು ಹಿಡಿದು ತೋರಿಸಿದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಮೀನಿನೊಂದಿಗೆ ಕೊಳವನ್ನೂ ಪರೀಕ್ಷಿಸಬೇಕು. ಹೊಸ ನೀರು, ನಿಂತ ಮೇವು ಎಂಬ ಎರಡು ಮಾತಿನ ಗುಟ್ಟು ಇಲ್ಲಿದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ೧೦ ಡಿಗ್ರಿಯ ನೀರು ಲೀಟರಿಗೆ ಸುಮಾರು ೧೧ ಮಿಲಿಗ್ರಾಂ ಆಮ್ಲಜನಕ ಹಿಡಿದರೆ ೩೦ ಡಿಗ್ರಿಯ ನೀರು ಹಿಡಿಯುವುದು ಸುಮಾರು ಏಳೂವರೆ ಮಾತ್ರ. ಗೆಂಡೆಗೆ ಐದಾದರೂ ಇರಬೇಕು. ಹಗಲಿನಲ್ಲಿ ಹಸುರು ಪಾಚಿಯು ಬಿಸಿಲಿನ ಬಲದಿಂದ ಆಮ್ಲಜನಕ ಕೊಡುತ್ತದೆ. ರಾತ್ರಿಯಲ್ಲಿ ಅದೇ ಪಾಚಿಯು ಮೀನಿನಂತೆ ಅದನ್ನು ಉಸಿರಾಡಿ ಮುಗಿಸುತ್ತದೆ. ತಳದಲ್ಲಿ ಕೊಳೆಯುವ ಗೊಬ್ಬರ, ಮಿಕ್ಕಿದ ತೌಡು, ಶೇಂಗಾ ಹಿಂಡಿಗಳು ತಮ್ಮ ಪಾಲನ್ನು ಕೇಳುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ಕೊಳದಲ್ಲಿ ಆಮ್ಲಜನಕ ತೀರ ಕಡಿಮೆ. ನಾಲ್ಕಾರು ದಿನ ಮೋಡ ಕವಿದಿದ್ದರೆ ಹಗಲಿನ ಗಳಿಕೆಯೂ ಸಾಲದು. ನನ್ನ ಶಿಷ್ಯನ ಮೀನುಗಳು ನಸುಕಿನಲ್ಲಿ ಬಾಯಿ ಬಿಡುತ್ತಿದ್ದುದು ಇದರಿಂದಲೇ. ಉಸಿರಿಗೆ ಕಷ್ಟಪಡುವ ಮೀನಿನ ರೋಗನಿರೋಧಶಕ್ತಿ ಕುಗ್ಗುತ್ತದೆ. ಬಲೆಯ ಗಾಯವೋ ಮೀನು ಹೇನಿನ ಕಡಿತವೋ ಬಾಗಿಲು ತೆರೆದುಕೊಡುತ್ತದೆ. ಅಷ್ಟರವರೆಗೆ ಸುಮ್ಮನಿದ್ದ ಜಲಪ್ರಿಯನು ಆಗ ಒಳನುಗ್ಗಿ, ರಕ್ತಕಣಗಳನ್ನು ಒಡೆಯುವ ವಿಷವನ್ನು ಹೊರಬಿಟ್ಟು, ಕೆಂಪು ಕಲೆಗೂ ಹೊಟ್ಟೆಯ ಉಬ್ಬಿಗೂ ಕಾರಣನಾಗುತ್ತಾನೆ.

ಎರೆಭೂಮಿಯ ಕೊಳಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಮೀನಿನ ಬೇನೆಗೆ ಸುಣ್ಣ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಹುಳಿ ಮಣ್ಣಿನ ಸೀಮೆಗೆ ಆ ಮಾತು ಸರಿ. ನಮ್ಮ ಕಡೆಯ ಮಣ್ಣು ನೀರು ಮೊದಲೇ ಕ್ಷಾರದವು. ಕ್ಷಾರ ಹೆಚ್ಚಿದಂತೆ ಮಲಮೂತ್ರದಿಂದ ಬರುವ ಅಮೋನಿಯ ಹೆಚ್ಚು ವಿಷವಾಗುತ್ತದೆ. ಆದುದರಿಂದ ನೀರಿನ ಕ್ಷಾರವನ್ನು ಅಳೆಯದೆ ಸುಣ್ಣ ಸುರಿಯಬಾರದು.

ಇನ್ನು ಉಳಿದದ್ದು ಔಷಧದ ಮಾತು. ಪ್ರಯೋಗಶಾಲೆಯಲ್ಲಿ ಸೂಕ್ಷ್ಮಾಣು ಹರಡಿದ ಅಗರಿನ ಮೇಲೆ ಬೇರೆ ಬೇರೆ ಪ್ರತಿಜೀವಕಗಳಲ್ಲಿ ಅದ್ದಿದ ಸಣ್ಣ ಕಾಗದದ ಚಕ್ರಗಳನ್ನಿಡುತ್ತಾರೆ. ಮರುದಿನ, ನಾಟುವ ಔಷಧದ ಸುತ್ತ ತಿಳಿಯಾದ ಬಯಲು ಕಾಣುತ್ತದೆ. ನಾಟದ ಔಷಧದ ಅಂಚಿನವರೆಗೂ ಸೂಕ್ಷ್ಮಾಣು ಬೆಳೆದಿರುತ್ತದೆ. ಈ ಪರೀಕ್ಷೆಯಿಲ್ಲದೆ ಮೇವಿನಲ್ಲಿ ಔಷಧ ಕಲಸಿದರೆ, ಬೇನೆ ಬಿದ್ದ ಮೀನು ಮೇವು ಮುಟ್ಟುವುದಿಲ್ಲ, ಗಟ್ಟಿಯಾದವು ತಿನ್ನುತ್ತವೆ, ಮಿಕ್ಕದ್ದು ನೀರಿಗೆ ಸೇರುತ್ತದೆ. ಆ ನೀರಿನಲ್ಲಿ ಮೆತ್ತನೆಯ ಸೂಕ್ಷ್ಮಾಣುಗಳು ಸತ್ತು ಔಷಧಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ. ಬಗ್ಗದಿರುವ ಆ ಗುಣವನ್ನು ಅವು ಬೇರೆ ಜಾತಿಯ ಸೂಕ್ಷ್ಮಾಣುಗಳಿಗೂ ದಾಟಿಸಬಲ್ಲವು. ಸಿಗಡಿ ಮರಿಗಳು ರಾಶಿರಾಶಿಯಾಗಿ ಸತ್ತುದಕ್ಕೆ ಪ್ರತಿಜೀವಕಗಳಿಗೆ ಬಗ್ಗದ ವಿಬ್ರಿಯೋ ಹಾರ್ವೆಯಿ ಕಾರಣವೆಂದು ೧೯೯೪ರಲ್ಲಿ ವರದಿ ಮಾಡಿದವರೂ ಮಂಗಳೂರಿನವರೇ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಮುಂತಾದವನ್ನು ಆಹಾರದ ಮೀನಿಗೆ ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ.

ಪೇಟೆಯ ವಾಚಕರಿಗೆ ಈ ವಿಷಯ ಸಂಬಂಧಿಸುವುದು ಇಲ್ಲಿಯೇ. ಕೊಳದ ನೀರು ಬಸಿಗಾಲುವೆಗೆ, ಬಸಿಗಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುತ್ತದೆ. ಹೊಳೆಯ ನೀರನ್ನು ನಾವು ಕುಡಿಯುತ್ತೇವೆ. ಮೀನಿಗೆಂದು ಹಾಕಿದ ಔಷಧ ಇಂದು ಅಲ್ಲಿ ಕೆಟ್ಟರೆ ನಾಳೆ ನಮ್ಮ ಮಕ್ಕಳ ಜ್ವರಕ್ಕೆ ನಾಟದೆ ಹೋಗಬಹುದು.

ಹಾಗಾದರೆ ಔಷಧಕ್ಕೆ ಬದಲು ಏನುಂಟು? ಮತ್ತೆ ನಾರ್ವೆಯನ್ನು ನೋಡೋಣ. ೧೯೮೫ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿದ ಮರಿಗಳೊಂದಿಗೆ ಫುರುಂಕ್ಯುಲೋಸಿಸ್ ಅಲ್ಲಿಯ ಕಡಲ ಪಂಜರಗಳಿಗೆ ಬಂದು ಹಬ್ಬಿತು. ೧೯೮೭ರಲ್ಲಿ ಆ ದೇಶವು ಸುಮಾರು ೫೦ ಸಾವಿರ ಟನ್ ಮೀನು ಬೆಳೆಯುವುದಕ್ಕೆ ೫೦ ಟನ್ನಿಗೆ ಸಮೀಪದಷ್ಟು ಪ್ರತಿಜೀವಕವನ್ನು ವ್ಯಯಮಾಡಿತು. ಆ ಮೇಲೆ ಒಳ್ಳೆಯ ಲಸಿಕೆ ಕಂಡುಹಿಡಿದು, ಕಡಲಿಗೆ ಬಿಡುವ ಮುಂಚೆ ಪ್ರತಿಯೊಂದು ಮರಿಯ ಹೊಟ್ಟೆಗೂ ಚುಚ್ಚತೊಡಗಿದರು. ತೋಟದಿಂದ ತೋಟಕ್ಕೆ ಅಂತರವಿಟ್ಟರು. ಒಂದು ಬೆಳೆ ತೆಗೆದ ಮೇಲೆ ಆ ಜಾಗವನ್ನು ಬೀಳುಬಿಟ್ಟರು. ಈಗ ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಸಾಲ್ಮನ್ ಬೆಳೆಯುತ್ತಾರೆ. ವರ್ಷಕ್ಕೆ ಬಳಸುವ ಪ್ರತಿಜೀವಕ ಒಂದು ಟನ್ನಿಗಿಂತ ಕಡಿಮೆ.

ದುಬಾರಿ ಸಾಲ್ಮನ್ನಿಗೆ ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವುದು ಕಟ್ಟುತ್ತದೆ. ನಮ್ಮ ಗೆಂಡೆಗೆ ಕಟ್ಟುವುದಿಲ್ಲ. ಮೇವಿನಲ್ಲಿ ಕೊಟ್ಟರೆ ಹೊಟ್ಟೆಯಲ್ಲಿ ಲಸಿಕೆ ಜೀರ್ಣವಾಗಿ ಹೋಗುತ್ತದೆ. ಮಂಗಳೂರಿನ ಕಾಲೇಜಿನಲ್ಲಿ ಕೆ. ಎಂ. ಶಂಕರ್ ಮತ್ತು ಸಂಗಡಿಗರು ೧೯೯೦ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಹೈಡ್ರೋಫಿಲವನ್ನು ಕೈಟಿನ್ ಎಂಬ ಪದಾರ್ಥದ ಚೂರುಗಳ ಮೇಲೆ ಬೆಳೆಸಿದರೆ ಅದು ತನ್ನ ಸುತ್ತ ಲೋಳೆಯ ಹೊದಿಕೆ ನೇಯ್ದುಕೊಳ್ಳುತ್ತದೆ. ಕಾಯಿಸಿ ಕೊಂದು ಮೇವಿನಲ್ಲಿ ಕೊಟ್ಟಾಗ ಆ ಹೊದಿಕೆ ಅದನ್ನು ಜೀರ್ಣರಸದಿಂದ ಕಾದು ಕರುಳಿನ ಹಿಂಭಾಗದವರೆಗೆ ಮುಟ್ಟಿಸುತ್ತದೆ. ಪ್ರಯೋಗದಲ್ಲಿ ಗೆಂಡೆಗಳಿಗೆ ಇದರಿಂದ ಹೆಚ್ಚು ರಕ್ಷಣೆ ಕಂಡುಬಂದಿತು.

ರೈತರು ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಕೊಳದ ಶಕ್ತಿ ಮೀರಿ ಮರಿ ಬಿಡಬಾರದು. ಬೆಳಗಿನ ಜಾವ ಒಮ್ಮೆ ಕೊಳದ ದಂಡೆಗೆ ಹೋಗಿ ನೋಡಬೇಕು. ಮೋಡದ ದಿನ ಮೇವು, ಗೊಬ್ಬರ ತಡೆಯಬೇಕು. ಒಬ್ಬರ ಬಲೆಯನ್ನು ಬಿಸಿಲಿನಲ್ಲಿ ಒಣಗಿಸದೆ ಇನ್ನೊಬ್ಬರ ಕೊಳಕ್ಕೆ ಇಳಿಸಬಾರದು. ಸತ್ತ ಮೀನನ್ನು ಕಾಲುವೆಗೆ ಎಸೆಯದೆ ದೂರದಲ್ಲಿ ಸುಣ್ಣ ಹಾಕಿ ಹೂಳಬೇಕು. ಬೇನೆ ಕಂಡ ದಿನವೇ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ತಿಳಿಸಬೇಕು. ಇನ್ನು ಕೊಂಡು ತಿನ್ನುವವರು ಹುಣ್ಣಿರುವ ಮೀನನ್ನು ಬಿಟ್ಟು ಕಿವಿರು ಕೆಂಪಗಿರುವುದನ್ನು ಆರಿಸಿ ಚೆನ್ನಾಗಿ ಬೇಯಿಸಬೇಕು. ಕೈಯಲ್ಲಿ ಗಾಯವಿದ್ದವರು ಹಸಿ ಮೀನನ್ನು ಮುಟ್ಟದಿರುವುದು ಲೇಸು. ಜಲಪ್ರಿಯನು ಮನುಷ್ಯನ ಗಾಯಕ್ಕೂ ಇಳಿಯಬಲ್ಲನು.

ಶಿಷ್ಯನ ಕೊಳದ ಕಥೆಯನ್ನು ಮುಗಿಸಿಬಿಡುತ್ತೇನೆ. ಕಾಲುವೆಯಿಂದ ಪಂಪು ಹಚ್ಚಿ ಎರಡು ದಿನ ಹೊಸ ನೀರು ಬಿಟ್ಟ. ಮೇವು ನಿಲ್ಲಿಸಿದ. ಚೀಲದಲ್ಲಿ ಕಳಿಸಿದ ಮೀನಿನ ವರದಿ ಕೆಲವು ದಿನಗಳ ಮೇಲೆ ಬಂದಿತು. ಅದರಲ್ಲಿ ಏರೋಮೊನಾಸ್ ಹೈಡ್ರೋಫಿಲದ ಹೆಸರಿತ್ತು. ಪೇಟೆಯಲ್ಲಿ ಕೊಡಬಂದಿದ್ದ ಔಷಧವು ಅದಕ್ಕೆ ನಾಟುವುದಿಲ್ಲವೆಂದೂ ಬರೆದಿತ್ತು. ಅಷ್ಟರಲ್ಲಿ ಸಾವು ತಾನಾಗಿಯೇ ಇಳಿದಿತ್ತು. ಹಾಗೆಂದು ನಷ್ಟವಾಗಲಿಲ್ಲವೆಂದಲ್ಲ, ಮೂರರಲ್ಲಿ ಒಂದು ಪಾಲು ಮೀನು ಹೋಯಿತು, ದೀಪಾವಳಿಗೆ ಸಾಲ ಪೂರ್ತಿ ತೀರಲಿಲ್ಲ. ಆದರೆ ಉಳಿದ ಎರಡು ಪಾಲು ಉಳಿಯಿತು, ಔಷಧಕ್ಕೆಂದು ಇನ್ನಷ್ಟು ಸಾಲವಾಗಲಿಲ್ಲ.

ಈಚೆಗೆ ಹೋದಾಗ ಕೊಳದ ಗೂಟಕ್ಕೆ ಒಂದು ನೋಟುಪುಸ್ತಕ ತೂಗುಹಾಕಿದ್ದನ್ನು ಕಂಡೆ. ದಿನದಿನದ ಮೋಡ, ಮೇವು, ನಸುಕಿನ ಹೊತ್ತು ಮೀನು ಮೇಲೆ ಬಂದವೋ ಇಲ್ಲವೋ ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದಾನೆ. ಕಾಗುಣಿತದ ತಪ್ಪುಗಳು ಬಹಳ ಇದ್ದವು, ನಾನು ತಿದ್ದಲಿಲ್ಲ.